ಅರ್ಧ ಮಿಲಿಮೀಟರಿನ ಪಾಠ: ನೈಟ್ರಸ್ ಹಾಕಿದ ಜಿಪ್ಸಿಗೆ ರಿಂಗ್ ಕೂರಿಸಿದ ಅನುಭವ

ಮೂರನೇ ಸಿಲಿಂಡರಿನ ಪಿಸ್ಟನ್ ಹೊರಗೆಳೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಟಾಪ್ ರಿಂಗಿನ, ಅಂದರೆ ಪಿಸ್ಟನ್ನಿನ ಸುತ್ತ ಕೂರುವ ಸೀಳಿದ ಲೋಹದ ಬಳೆಗಳಲ್ಲಿ ಎಲ್ಲಕ್ಕಿಂತ ಮೇಲಿನದರ, ಎರಡು ತುದಿಗಳು. ಉಳಿದ ರಿಂಗೆಲ್ಲ ಮಸಿ ಹಿಡಿದಿತ್ತು. ಆ ಎರಡು ತುದಿಗಳು ಮಾತ್ರ ಆಗಷ್ಟೇ ಸಾಣೆ ಹಿಡಿದ ಕತ್ತಿಯ ಅಲಗಿನಂತೆ ಫಳಫಳ ಹೊಳೆಯುತ್ತಿದ್ದವು. ರಿಂಗಿನ ಮೇಲಿನ ಪಿಸ್ಟನ್ ಅಂಚು ಉಗುರಿನಷ್ಟು ಅಗಲಕ್ಕೆ ಎದ್ದುಬಂದಿತ್ತು. ಬೋರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಗೋಡೆಯ ಮೇಲೆ ಉದ್ದುದ್ದ ಗೀರುಗಳು. ಆ ಎಂಜಿನ್ ಕಟ್ಟಿದವನು ನಾನೇ.

ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಕಡೆ ನನ್ನ ಗ್ಯಾರೇಜ್ ಇದೆ. ಬರುವ ಗಾಡಿಗಳಲ್ಲಿ ಹೆಚ್ಚಿನವು ತೋಟದ ಜೀಪುಗಳು, ಅಡಿಕೆ ಗೊನೆ ಹೊತ್ತು ಕೆಸರಿನಲ್ಲಿ ಏರು ಹತ್ತುವಂಥವು. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ತನ್ನ ಜಿಪ್ಸಿ ಕಿಂಗ್ ತಂದು, ಖಾಸಗಿ ಜಮೀನಿನ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸಲು ನೈಟ್ರಸ್ (ಎಂಜಿನ್ನಿನ ಶಕ್ತಿ ಹೆಚ್ಚಿಸಲು ಬಾಟಲಿಯಿಂದ ಬಿಡುವ ನೈಟ್ರಸ್ ಆಕ್ಸೈಡ್ ಅನಿಲ) ಹಾಕಿಕೊಡಬೇಕು ಎಂದ. 1298 ಸಿಸಿ ಎಂಜಿನ್, 74 ಮಿ.ಮೀ. ಬೋರ್. ಸುಮಾರು 80 ಅಶ್ವಶಕ್ತಿಯ ಗಾಡಿಗೆ ಇನ್ನು 35 ಸೇರಿಸುವ ಜೆಟ್, ಅಂದರೆ ಅನಿಲವನ್ನು ಅಳತೆಯಾಗಿ ಬಿಡುವ ಸಣ್ಣ ತೂತಿನ ನಳಿಕೆ. ಬೋರನ್ನು ಅರ್ಧ ಮಿ.ಮೀ. ಹೆಚ್ಚಿಸಿ 74.5ಕ್ಕೆ ತಂದು, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿದೆ. ರಿಂಗಿನ ಗ್ಯಾಪ್, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, 0.28 ಮಿ.ಮೀ. ಬಂತು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದದ್ದು ಒಂದೇ ಮಾತು: ಗ್ಯಾಪ್ ಬಿಗಿ ಇದ್ದಷ್ಟೂ ಎಂಜಿನ್ ಗಟ್ಟಿ. ಆಗುಂಬೆ ಘಾಟಿ ಹತ್ತುವ ಗಾಡಿಗೆ ಆ ಮಾತು ಇಂದಿಗೂ ಸರಿ. ಅದನ್ನೇ ಇಲ್ಲಿಗೂ ಅನ್ವಯಿಸಿದ್ದು ನನ್ನ ತಪ್ಪು.

"ಅಣ್ಣ, ಎರಡು ಸಲ ಚೆನ್ನಾಗಿ ಎಳೆಯಿತು. ಮೂರನೇ ಸಲ ಸ್ವಿಚ್ ಒತ್ತಿದಾಗ ಎಳೆತವೇ ಇಲ್ಲ, ಹಿಂದೆ ನೀಲಿ ಹೊಗೆ" ಎಂದು ಅವನು ಫೋನ್ ಮಾಡಿದ. ಮರುದಿನ ಹೆಡ್ ಇಳಿಸಿದೆ.

ಮಲೆನಾಡಿನ ಬಡಗಿಗಳು ಬೇಸಿಗೆಯಲ್ಲಿ ಬಾಗಿಲು ಕೂರಿಸುವಾಗ ಚೌಕಟ್ಟಿಗೆ ತಾಗದಂತೆ ಸಂದು ಬಿಡುತ್ತಾರೆ. ಬಿಡದಿದ್ದರೆ ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಕಚ್ಚಿಕೊಳ್ಳುತ್ತದೆ. ಮರ ನೀರಿಗೆ ಉಬ್ಬಿದರೆ ರಿಂಗ್ ಬಿಸಿಗೆ ಹಿಗ್ಗುತ್ತದೆ. 74.5 ಮಿ.ಮೀ. ಬೋರಿನ ಸುತ್ತಳತೆ 234 ಮಿ.ಮೀ. ಬೋರಿನ ಗೋಡೆಗಿಂತ ರಿಂಗ್ 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಅದರ ಉದ್ದ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚೇ ಬೆಳೆಯುತ್ತದೆ. ನಾನು ಬಿಟ್ಟಿದ್ದ ಜಾಗ ಅಲ್ಲಿಗೇ ಮುಗಿಯಿತು. ತುದಿಗೆ ತುದಿ ತಾಗಿದ ಮೇಲೂ ಬಿಸಿ ಏರಿದರೆ ರಿಂಗಿಗೆ ಹೋಗಲು ಬೇರೆ ದಾರಿ ಇಲ್ಲ. ಗೋಡೆಗೇ ಒತ್ತಿಕೊಳ್ಳುತ್ತದೆ, ಎಣ್ಣೆಯ ಪದರವನ್ನು ಕೆರೆದು ಹಾಕುತ್ತದೆ, ಕೊನೆಗೆ ಕಚ್ಚಿಕೊಂಡು ಪಿಸ್ಟನ್ನಿನ ಅಂಚನ್ನೇ ಕಿತ್ತೆಬ್ಬಿಸುತ್ತದೆ.

ನೈಟ್ರಸ್ ತಾನಾಗಿ ಉರಿಯುವ ಅನಿಲವಲ್ಲ. ಸುಮಾರು 300 ಡಿಗ್ರಿ ದಾಟಿದಾಗ ಒಡೆದು ಆಮ್ಲಜನಕ ಬಿಡುತ್ತದೆ. ಗಾಳಿಯಲ್ಲಿ ತೂಕದ ಲೆಕ್ಕದಲ್ಲಿ ಆಮ್ಲಜನಕ 23 ಶೇಕಡಾ ಇದ್ದರೆ ಇದರಲ್ಲಿ 36 ಶೇಕಡಾ. ಅಷ್ಟೇ ಜಾಗದಲ್ಲಿ ಹೆಚ್ಚು ಪೆಟ್ರೋಲ್ ಉರಿಯುತ್ತದೆ, ಬೆಂಕಿಗೆ ಅತ್ಯಂತ ಹತ್ತಿರ ಇರುವ ಟಾಪ್ ರಿಂಗ್ ಆ ಬಿಸಿಯನ್ನೆಲ್ಲ ಹೊರುತ್ತದೆ.

ಎರಡನೇ ಸಲ ಲೆಕ್ಕ ಹಾಕಿಯೇ ಕೈಹಚ್ಚಿದೆ. ಸಾಮಾನ್ಯ ಎಂಜಿನ್ನಿಗೆ ಬೋರಿನ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲಿ 4 ಭಾಗ ಗ್ಯಾಪ್ ಇದ್ದರೆ, ನೈಟ್ರಸ್ಸಿಗೆ 6ರಿಂದ 7 ಭಾಗ ಬೇಕು. ನಮ್ಮ ಬೋರಿಗೆ ಅದು 0.45ರಿಂದ 0.52 ಮಿ.ಮೀ. ಟಾಪ್ ರಿಂಗಿಗೆ 0.50 ಎಂದು ನಿಶ್ಚಯಿಸಿದೆ. ಎರಡನೇ ರಿಂಗಿಗೆ 0.55. ಎರಡು ರಿಂಗುಗಳ ನಡುವೆ ಸಿಕ್ಕಿಬಿದ್ದ ಒತ್ತಡ ಕೆಳಗೆ ಇಳಿದುಹೋಗದಿದ್ದರೆ ಟಾಪ್ ರಿಂಗ್ ತನ್ನ ಕುಳಿಯಲ್ಲಿ ಅದುರುತ್ತದೆ.

ಅಳೆಯುವುದರಲ್ಲೇ ಅರ್ಧ ದಿನ ಹೋಯಿತು. ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಒಂದಿಂಚು ಕೆಳಗೆ ತಳ್ಳಿ ಮಟ್ಟ ಮಾಡಿ, ಫೀಲರ್ ಗೇಜ್ ತೂರಿಸಬೇಕು. ರಿಂಗ್ ಸ್ವಲ್ಪ ಓರೆಯಾದರೂ ಅಳತೆ ಸುಳ್ಳು ಹೇಳುತ್ತದೆ. ಅರವನ್ನು ಒಂದು ತುದಿಗೆ ಮಾತ್ರ, ಹೊರಮೈಯಿಂದ ಒಳಮೈ ಕಡೆಗೆ ಎಳೆದೆ. ಒಳಗಿನಿಂದ ಹೊರಗೆ ಎಳೆದರೆ ಹೊರಮೈಯ ಲೇಪನ ಚಕ್ಕೆ ಏಳುತ್ತದೆ. ಎರಡೆಳೆತ, ಒರೆಸು, ಬೋರಿಗಿಳಿಸು, ಅಳೆ. ಕೊನೆಗೆ ತುದಿಯ ಮುಳ್ಳನ್ನು ನುಣ್ಣನೆಯ ಕಲ್ಲಿನಿಂದ ತೆಗೆದು, ಯಾವ ರಿಂಗ್ ಯಾವ ಸಿಲಿಂಡರಿನದೆಂದು ಬರೆದ ಲಕೋಟೆಗೆ ಹಾಕಿದೆ. ಈ ಕೆಲಸ ಹುಡುಗರ ಕೈಗೆ ಕೊಡಲು ನನಗೆ ಮನಸ್ಸಾಗುವುದಿಲ್ಲ.

ಇಷ್ಟು ದೊಡ್ಡ ಗ್ಯಾಪ್ ಬಿಟ್ಟರೆ ಕಂಪ್ರೆಷನ್ ಸೋರಿಹೋಗದೇ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಹೆದರಿದ್ದೆ. ತಣ್ಣನೆಯ ಎಂಜಿನ್ನಿನಲ್ಲಿ ಗೇಜ್ ಹಾಕಿ ನೋಡಿದಾಗ ಮೊದಲಿಗಿಂತ ಒತ್ತಡ 8 ಪಿಎಸ್‌ಐ ಕಡಿಮೆ ತೋರಿಸಿತು. ಆದರೆ ಅದು ಸ್ಟಾರ್ಟರ್ ತಿರುಗಿಸುವ ನಿಧಾನದ ಲೆಕ್ಕ. 6000 ಆರ್‌ಪಿಎಂನಲ್ಲಿ ಒಂದು ಸ್ಟ್ರೋಕಿಗೆ ಸಿಗುವುದು 5 ಮಿಲಿಸೆಕೆಂಡ್. ಅಷ್ಟರಲ್ಲಿ ಆ ಸಂದಿನಿಂದ ನುಸುಳುವುದು ಅಲ್ಪ. ಬಿಸಿಯಾದ ಮೇಲಂತೂ ಸಂದೇ ಕಿರಿದಾಗಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಒಂದಿಷ್ಟು ಹೊಗೆ ಕಾಣುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, 2 ಡಿಗ್ರಿ ಹಿಂದೆ ಸರಿಸಿ, ಬಿಸಿಯನ್ನು ಬೇಗ ಬಿಟ್ಟುಕೊಡುವ ಒಂದು ಹಂತ ತಣ್ಣನೆಯ ಸ್ಪಾರ್ಕ್ ಪ್ಲಗ್ ಹಾಕಿದೆ. ಇನ್ನೊಂದು ತಪ್ಪು ನೈಟ್ರಸ್ ಬಾಟಲಿಯದು. ಡಿಸೆಂಬರಿನ ಚಳಿಯಲ್ಲಿ ಹೊಂದಿಸಿದ ಜೆಟ್ಟನ್ನು ಮಾರ್ಚ್ ಮಧ್ಯಾಹ್ನ ಓಡಿಸಿದ್ದೆವು, ಬಾಟಲಿ ಜಿಪ್ಸಿಯ ಹಿಂದೆ ಬಿಸಿಲಿನಲ್ಲಿ ಕಾದಿತ್ತು. 36 ಡಿಗ್ರಿ ದಾಟಿದರೆ ನೈಟ್ರಸ್ ಬಾಟಲಿಯೊಳಗೆ ದ್ರವವಾಗಿ ಉಳಿಯುವುದಿಲ್ಲ, ಒತ್ತಡ ಸಾವಿರ ಪಿಎಸ್‌ಐ ಮೀರುತ್ತದೆ. ಅನಿಲ ಹೆಚ್ಚು, ಪೆಟ್ರೋಲ್ ಅಷ್ಟೇ. ಮಿಶ್ರಣ ಬಡವಾಗಿ ಬಿಸಿ ಇನ್ನೂ ಏರುತ್ತದೆ. ಬಿಸಿ ಹೆಚ್ಚಿಸಿದ್ದು ಬಾಟಲಿ, ಅದಕ್ಕೆ ಜಾಗ ಬಿಡದವನು ನಾನು. ಈಗ ಬಾಟಲಿಗೆ ಒದ್ದೆ ಗೋಣಿಚೀಲ ಸುತ್ತುತ್ತೇವೆ, ಗೇಜಿನಲ್ಲಿ 900ರಿಂದ 950ರೊಳಗೆ ಇದ್ದರೆ ಮಾತ್ರ ಸ್ವಿಚ್ ಒತ್ತುವುದು.

ಮಳೆಗಾಲ ಶುರುವಾಗುವ ಮೊದಲು, ಮುರಿಯದಿದ್ದರೂ, ಅದೇ ಎಂಜಿನ್ನನ್ನು ಮತ್ತೆ ಬಿಚ್ಚಿದೆ. ಎಂಟೂ ರಿಂಗುಗಳ ತುದಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅರದ ಸಣ್ಣ ಗೆರೆಗಳು ಹಾಗೇ ಇದ್ದವು, ಎಲ್ಲೂ ಹೊಳಪಿಲ್ಲ. ಹುಡುಗ ಪಕ್ಕದಲ್ಲಿ ನಿಂತು, "ಹಾಗಾದರೆ 50ರ ಜೆಟ್ ಹಾಕಬಹುದೇ ಅಣ್ಣ?" ಎಂದ. ರಿಂಗುಗಳನ್ನು ಮತ್ತೆ ಲಕೋಟೆಗೆ ಹಾಕಿ, 0.55 ಮತ್ತು 0.60 ಎಂದು ಅದರ ಮೇಲೆ ಬರೆದು ಅರ ಕೈಗೆತ್ತಿಕೊಂಡೆ.