ಬೆಟ್ಟ, ನೀರು, ಹಕ್ಕಿ: ಫೋಟೊ ನೋಡುವ ಬಗೆ

ಮುಳ್ಳಯ್ಯನಗಿರಿಯ ಒಂದು ಒಳ್ಳೆಯ ಫೋಟೊ ಮೊಬೈಲಿಗೆ ಬಂದರೆ ಎರಡು ಸೆಕೆಂಡು ನೋಡಿ ‘ಸೂಪರ್’ ಅಂದು ಮುಂದೆ ಹೋಗುವುದೇ ಹೆಚ್ಚು. ತೆಗೆದವರು ಬೆಳಕಿಗಾಗಿ ಗಂಟೆಗಟ್ಟಲೆ ಕಾದಿರುತ್ತಾರೆ. ನಾವು ಎರಡು ನಿಮಿಷ ಕೊಟ್ಟರೂ ಆ ಚಿತ್ರದಲ್ಲಿ ಎಷ್ಟೋ ಕಾಣುತ್ತದೆ.

ಮೊದಲು ನೋಡುವ ವ್ಯವಸ್ಥೆ ಸರಿಮಾಡಿಕೊಳ್ಳಿ. ಮೊಬೈಲಿನಲ್ಲಿ ರಾತ್ರಿಗೆಂದು ಹಾಕಿಟ್ಟ ಹಳದಿ ಬೆಳಕನ್ನು ಆಫ್ ಮಾಡಿ. ಅದು ಇದ್ದರೆ ಮಂಜಿನ ತೆಳು ನೀಲಿಯೆಲ್ಲ ಮಾಸಲಾಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದು ಕುಗ್ಗಿ ಬರುವುದರಿಂದ ಹಕ್ಕಿಯ ಗರಿಯ ಎಳೆಗಳು ಕಲಸಿಹೋಗಿರುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ. ಪ್ರದರ್ಶನದಲ್ಲಿ ಪ್ರಿಂಟ್ ನೋಡುವುದಾದರೆ ಅದರ ಮೂಲೆಯಿಂದ ಮೂಲೆಗಿರುವ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ನಿಲ್ಲಿ. 12×18 ಇಂಚಿನ ಪ್ರಿಂಟಿಗೆ ಇದು ಸುಮಾರು ಎರಡೂಮುಕ್ಕಾಲು ಅಡಿ. ಇಡೀ ಚಿತ್ರವನ್ನು ಅಲ್ಲಿಂದ ನೋಡಿದ ಮೇಲೆ ಹತ್ತಿರ ಹೋಗಿ ವಿವರ ನೋಡಿ. ಪ್ರಿಂಟಿನ ಕೆಳಗೆ ಬರೆದಿರುವುದನ್ನು ಆಮೇಲೆ ಓದಿದರಾಯಿತು.

ಎಲ್ಲಕ್ಕಿಂತ ಮೊದಲು ನೆರಳು ಹುಡುಕಿ. ಬೆಳಕು ಯಾವ ಕಡೆಯಿಂದ ಬಂದಿದೆ, ಎಷ್ಟು ಓರೆಯಾಗಿದೆ ಎಂಬುದನ್ನು ನೆರಳೇ ಹೇಳುತ್ತದೆ. ಡಿಸೆಂಬರ್ ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ ಚಂದ್ರದ್ರೋಣ ಬೆಟ್ಟಸಾಲಿನ ಒಂದೊಂದು ಮಡಿಕೆಯೂ ಎದ್ದು ಕಾಣುತ್ತದೆ. ಅದೇ ಬೆಟ್ಟ ನಡುಮಧ್ಯಾಹ್ನ ಚಪ್ಪಟೆ.

ಆಮೇಲೆ ದೂರದ ಸಾಲುಗಳತ್ತ ಕಣ್ಣು ಹಾಯಿಸಿ. ಬಿಸಿಲೆ ಘಾಟಿಯ ವ್ಯೂ ಪಾಯಿಂಟಿನಿಂದ ತೆಗೆದ ಚಿತ್ರಗಳಲ್ಲಿ ಒಂದರ ಹಿಂದೊಂದು ಬೆಟ್ಟ ನೀಲಿಯಾಗುತ್ತ, ತಿಳಿಯಾಗುತ್ತ ಹೋಗುತ್ತದೆ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದೇ ಇದಕ್ಕೆ ಕಾರಣ. ಕೊನೆಯ ಸಾಲೂ ಮೊದಲಿನದರಷ್ಟೇ ಗಾಢವಾಗಿ, ಚೂಪಾಗಿ ಇದ್ದರೆ ಎರಡೇ ಸಾಧ್ಯತೆ: ಮಳೆ ಆಗಷ್ಟೇ ನಿಂತು ಗಾಳಿ ತೊಳೆದಂತಾಗಿದೆ, ಇಲ್ಲವೇ ಎಡಿಟಿಂಗ್‌ನಲ್ಲಿ ಮಂಜನ್ನು ಅಳಿಸಿದ್ದಾರೆ. ಅಳಿಸಿದ್ದರೆ ಬೆಟ್ಟದ ಅಂಚಿನುದ್ದಕ್ಕೂ ಆಕಾಶದ ಕಡೆ ಒಂದು ಬಿಳಿ ಗೆರೆ ಉಳಿದಿರುವುದು ಸಾಮಾನ್ಯ. ಹಿಗ್ಗಿಸಿ ನೋಡಿದರೆ ಸಿಗುತ್ತದೆ.

ಚಿಕ್ಕಮಗಳೂರು, ಹಾಸನದ ಕಡೆಯ ನಮಗೆ, ಫೋಟೊ ಸ್ಪರ್ಧೆಗಳ ಹೊರಗಿನ ತೀರ್ಪುಗಾರರಿಗಿಲ್ಲದ ಒಂದು ಅನುಕೂಲವಿದೆ. ನಮಗೆ ಇಲ್ಲಿನ ಋತು ಗೊತ್ತು. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ, ಮೂರ್ನಾಲ್ಕು ದಿನದಲ್ಲಿ ಹೂವು ಬಾಡುತ್ತದೆ. ಆ ಹೊತ್ತಿಗೆ ಗಿರಿಯ ಹುಲ್ಲು ಒಣಗಿ ಕಂದಾಗಿರುತ್ತದೆ. ಮುಂದೆ ಅರಳಿದ ಕಾಫಿ, ಹಿಂದೆ ಆಗಸ್ಟ್‌ ತಿಂಗಳ ಎಳೆಹಸಿರು ಗುಡ್ಡ ಇರುವ ಚಿತ್ರ ಕಂಡರೆ ಹಸಿರನ್ನು ಆಮೇಲೆ ಬಳಿದಿದ್ದಾರೆ ಎಂದೇ ಲೆಕ್ಕ. ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಚಿತ್ರಗಳಲ್ಲೂ ಹೀಗೇ ಓದಬಹುದು. ಹೇಮಾವತಿ ಹಿನ್ನೀರು ಗೋಡೆಯ ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದರಿಂದ ಅದು ಮಳೆಗಾಲದ್ದೋ ಬೇಸಿಗೆಯದೋ ತಿಳಿಯುತ್ತದೆ.

ಆ ಇಗರ್ಜಿಯ ಹಿಂದೆ ಭಾರಿ ಚಂದ್ರ ಕಂಡರೂ ತಾಳ್ಮೆಯಿಂದ ನೋಡಿ. ಆಕಾಶದಲ್ಲಿ ಚಂದ್ರನ ಅಗಲ ಬರೀ ಅರ್ಧ ಡಿಗ್ರಿ. ಫುಲ್ ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಹಾಕಿ ತೆಗೆದರೆ ಚಂದ್ರ ಚಿತ್ರದ ಅಗಲದ ಸುಮಾರು 165ರಲ್ಲಿ ಒಂದು ಪಾಲು, 400 ಮಿ.ಮೀ.ನಲ್ಲಿ ಹತ್ತರಲ್ಲಿ ಒಂದು ಪಾಲು. ಹಾಗಾಗಿ ದೊಡ್ಡ ಚಂದ್ರ ಬೇಕಾದರೆ ತುಂಬ ದೂರ ಹೋಗಿ ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿ ಲೆನ್ಸ್‌ನಲ್ಲಿ ತೆಗೆಯಬೇಕು. ಕಾಲ ಬುಡದ ಹುಲ್ಲಿನಿಂದ ಹಿಡಿದು ಇಡೀ ದಂಡೆ ಅಗಲವಾಗಿ ಬಂದಿದ್ದು, ಚಂದ್ರನೂ ಗೋಡೆಯಷ್ಟು ಎತ್ತರ ಇದ್ದರೆ ಅದು ಅಂಟಿಸಿದ್ದು. ಅಂಟಿಸಿದ್ದನ್ನು ಅಂಟಿಸಿದ್ದೆಂದು ಹೇಳಿ ತೋರಿಸಿದರೆ ತಕರಾರಿಲ್ಲ.

ಹೆಬ್ಬೆ ಜಲಪಾತ ಹಾಲಿನ ಹಾಗೆ ಇಳಿದಿದ್ದರೆ ಬೆಳಕನ್ನು ಒಳಬಿಡುವ ಕ್ಯಾಮೆರಾದ ಷಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿತ್ತು. ಹನಿಹನಿಯೂ ಬೇರೆಯಾಗಿ ನಿಂತಿದ್ದರೆ ಸುಮಾರು 1/1000 ಸೆಕೆಂಡು.

ಹಕ್ಕಿಯ ಚಿತ್ರದಲ್ಲಿ ನೇರ ಕಣ್ಣಿಗೆ ಹೋಗಿ. ಕಣ್ಣು ಚೂಪಾಗಿದ್ದು ಅದರೊಳಗೆ ಬೆಳಕಿನ ಒಂದು ಚುಕ್ಕೆ ಇದ್ದರೆ ಹಕ್ಕಿಗೆ ಜೀವ ಬರುತ್ತದೆ. ಕೊಕ್ಕು ಚೂಪಾಗಿ ಕಣ್ಣು ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಮೈ ನಿಂತು ರೆಕ್ಕೆಯ ತುದಿ ಅಲುಗಿದ್ದರೆ ಅದನ್ನು ತಪ್ಪೆನ್ನಬೇಡಿ, ಹಾರಾಟ ಕಾಣುವುದೇ ಅಲ್ಲಿ. ಶೋಲಾ ಕಾಡಿನ (ಬೆಟ್ಟಗಳ ಕಣಿವೆಯಲ್ಲಿ ಬೆಳೆಯುವ ದಟ್ಟ ಕಾಡು) ನೆರಳಿನಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200, 6400ಕ್ಕೆ ಏರಿಸದೆ ವಿಧಿಯಿಲ್ಲ, ಚಿತ್ರದಲ್ಲಿ ಕಾಳು (ಚುಕ್ಕೆಚುಕ್ಕೆಯ ಒರಟುತನ) ಬಂದೇ ಬರುತ್ತದೆ. ಕಾಳನ್ನು ಪೂರ್ತಿ ಒರೆಸಿ ಗರಿಗಳನ್ನು ಪ್ಲಾಸ್ಟಿಕ್‌ನಂತೆ ನುಣ್ಣಗೆ ಮಾಡಿದ ಚಿತ್ರಕ್ಕಿಂತ ಕಾಳಿರುವುದೇ ಮೇಲು.

ಬಣ್ಣದ ವಿಷಯದಲ್ಲಿ ಸಿಳ್ಳಾರ (ಮಲಬಾರ್ ವಿಸ್ಲಿಂಗ್ ಥ್ರಷ್) ಒಳ್ಳೆಯ ಪಾಠ. ನೆರಳಿನಲ್ಲಿ ಅದು ಹೆಚ್ಚುಕಡಿಮೆ ಕಪ್ಪು ಹಕ್ಕಿ. ಹಣೆ ಮತ್ತು ಭುಜದ ನೀಲಿ ಹೊಳೆಯುವುದು ಬೆಳಕು ಸರಿಯಾದ ಕೋನದಲ್ಲಿ ಬಿದ್ದಾಗ ಮಾತ್ರ, ಏಕೆಂದರೆ ಆ ನೀಲಿ ವರ್ಣದ್ರವ್ಯದ್ದಲ್ಲ, ಗರಿಯ ಸೂಕ್ಷ್ಮ ರಚನೆಯದು. ಮೈಯೆಲ್ಲ ಒಂದೇ ಸಮ ಕಡುನೀಲಿಯಾಗಿ ಮಿನುಗಿದರೆ ಎಡಿಟಿಂಗ್‌ನಲ್ಲಿ ಬಣ್ಣ ಏರಿಸಿದ್ದಾರೆ.

ಕೊನೆಗೆ ಹಕ್ಕಿ ಏನು ಮಾಡುತ್ತಿದೆ ಎಂದು ಕೇಳಿಕೊಳ್ಳಿ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಎಂಬ ನೀರುಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಒಂದು ಟರ್ನ್ ಮೀನು ಹಿಡಿದು ಇನ್ನೊಂದರ ಎದುರು ನಿಂತಿದ್ದರೆ ಅದು ಬರೀ ಊಟವಲ್ಲ, ಗಂಡು ಹೆಣ್ಣಿಗೆ ಕೊಡುತ್ತಿರುವ ಕಾಣಿಕೆಯೂ ಆಗಿರಬಹುದು. ಬರಿದೆ ಕೂತ ಹಕ್ಕಿಯ ನುಣುಪು ಚಿತ್ರಕ್ಕಿಂತ ಇಂಥದ್ದು, ತುಸು ಒರಟಾಗಿದ್ದರೂ, ಹೆಚ್ಚು ಬೆಲೆಯುಳ್ಳದ್ದು.

ಗೂಡಿನ ಚಿತ್ರಗಳಲ್ಲಿ ಮಾತ್ರ ಸುತ್ತಲಿನ ಎಲೆಗಳನ್ನು ಗಮನಿಸಿ. ಕಾಡಿನ ಗೂಡು ಸಾಮಾನ್ಯವಾಗಿ ಮರೆಯಲ್ಲಿರುತ್ತದೆ. ರೆಂಬೆ ಕತ್ತರಿಸಿದ ಹಸಿ ಗುರುತು ಕಂಡರೆ, ಮರಿಗಳ ಮೇಲೆ ನೇರ ಬಿಸಿಲು ಬಿದ್ದಿದ್ದರೆ, ಮರೆ ತೆಗೆದು ಚಿತ್ರ ತೆಗೆದಿರುವ ಅನುಮಾನ ಬಲವಾಗುತ್ತದೆ. ಹಾಗೆ ತೆರೆದಿಟ್ಟ ಗೂಡು ಕಾಗೆ, ಗಿಡುಗಗಳಿಗೆ ಸುಲಭದ ತುತ್ತು. ಎಷ್ಟೇ ಚೆಂದವಿದ್ದರೂ ಅಂಥ ಚಿತ್ರವನ್ನು ಮೆಚ್ಚಬೇಡಿ, ಹಂಚಬೇಡಿ. ಹೇಗೆ ತೆಗೆದಿರಿ ಎಂದು ತೆಗೆದವರನ್ನೇ ಕೇಳಿ.