ಪುಟ್ಟ ಗ್ಯಾಲರಿಗೆ ಒಂದು ಇಡೀ ಬೆಳಿಗ್ಗೆ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಪ್ರವಾಸ ಹೋದಾಗ ಮನೆಮಂದಿಯೇ ನಡೆಸುವ ಪುಟ್ಟ ಕಲಾ ಗ್ಯಾಲರಿಗಳನ್ನು ನಾನು ಜೋಗದ ದಿನದೊಳಗೆ ತುರುಕುವುದಿಲ್ಲ. ಅವಕ್ಕೆಂದೇ ಒಂದು ಬೆಳಿಗ್ಗೆಯನ್ನು ಎತ್ತಿಡುತ್ತೇನೆ. ಬೆಂಗಳೂರಿನಲ್ಲಿ ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಗಿನ ಹೊತ್ತಿಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ಹಿಂದಿನ ದಿನವೇ ಫೋನ್ ಮಾಡಿ ಹೇಳಿರುತ್ತೇನೆ. ಅಡಿಕೆ ಕೊಯ್ಲಿನ ಕಾಲದಲ್ಲಂತೂ ಕೇಳದೆ ಹೋಗಲೇಬಾರದು. ಆಗ ಆ ಮನೆಗಳಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಕಳೆದ ಬಾರಿ ಹೋದದ್ದು ಹಳ್ಳಿಯೊಂದರ ಹೆಂಚಿನ ಮನೆಗೆ. ಜಗಲಿ ಮತ್ತು ಪಕ್ಕದ ಕೋಣೆ, ಇಷ್ಟೇ ಗ್ಯಾಲರಿ. ಗೋಡೆಯ ತುಂಬ ಹಸೆ ಚಿತ್ತಾರ ಎಂಬ ಗೆರೆಗಳ ಚಿತ್ರಗಳು, ಮೂಲೆಯಲ್ಲಿ ಭೂಮಿ ಹುಣ್ಣಿಮೆಯಂದು ಗದ್ದೆಗೆ ಒಯ್ಯುವ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಗಳು. ಆಸರಿಗೆ ಬೆಲ್ಲ, ನೀರು ಕೊಟ್ಟ ಮೇಲೆ ಮನೆಯಾಕೆ ವಿವರಿಸಲು ಹೊರಟರು. ‘ಅಮ್ಮಾ, ಮೊದಲು ಸುಮ್ಮನೆ ಒಂದು ಸುತ್ತು ನೋಡಿಬಿಡುತ್ತೇನೆ’ ಎಂದು ಕೇಳಿಕೊಂಡೆ. ಇದು ನನ್ನ ಪದ್ಧತಿ. ವಿವರಣೆ ಮೊದಲೇ ಕಿವಿಗೆ ಬಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ.

ಸುತ್ತು ಮುಗಿದ ಮೇಲೆ ಒಂದೇ ಚಿತ್ರದ ಮುಂದೆ ಕೂತೆ. ವಧೂವರರು ಕೂತ ದಂಡಿಗೆ, ಅಂದರೆ ಪಲ್ಲಕ್ಕಿ; ಸುತ್ತ ಎಳೆಗಳ ಚೌಕಟ್ಟು. ದೂರಕ್ಕೆ ಬಟ್ಟೆಯ ನೇಯ್ಗೆಯಂತೆ ಕಾಣುವುದು ಹತ್ತಿರ ಹೋದಾಗ ಬಿಡಿಬಿಡಿ ಗೆರೆಗಳಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಗೆರೆ ಆರಂಭದಲ್ಲಿ ದಪ್ಪ, ಬಣ್ಣ ತೀರುತ್ತ ಬಂದಂತೆ ತೆಳು. ಮತ್ತೆ ಅದ್ದಿದ ಜಾಗವೂ ತಿಳಿಯುತ್ತದೆ. ಮುದ್ರಿತ ಪ್ರತಿಯಲ್ಲಿ ಇದು ಸಿಗುವುದೇ ಇಲ್ಲ. ಇದಕ್ಕಾಗಿಯೇ ನಾನು ಅಷ್ಟು ದೂರ ಹೋಗುವುದು.

ಆಮೇಲೆ ಬೆಲೆಗಿಂತ ಮೊದಲು ಮಾಡುವ ಬಗೆಯನ್ನು ಕೇಳುತ್ತೇನೆ. ‘ಸ್ಕೇಲ್ ಇಡುವುದಿಲ್ಲವೇ?’ ಎಂದೆ. ‘ಕಣ್ಣಳತೆಯೇ ಸಾಕು ತಮ್ಮಾ. ನಾರು ಚೆನ್ನಾಗಿದ್ದರೆ ಎಳೆ ನೆಟ್ಟಗೆ ಬರುತ್ತದೆ’ ಎಂದು ಕುಂಚ ತಂದು ತೋರಿಸಿದರು. ಪುಂಡಿ ನಾರಿನ ಕುಂಚ. ಅಕ್ಕಿ ಹಿಟ್ಟಿನಿಂದ ಬಿಳಿ, ಕೆಮ್ಮಣ್ಣಿನಿಂದ ಕೆಂಪು, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಇಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುತ್ತ ಬಂದ ಕಲೆ ಇದು. ಸಾರಣೆಯ ಮಣ್ಣಿನ ಗೋಡೆಗಳು ಕಡಿಮೆಯಾದಂತೆ ಬಟ್ಟೆಗೆ, ಕಾಗದಕ್ಕೆ ಇಳಿದಿದೆ. ಕೆಲವರಿಗೆ ಇದರಿಂದ ಕಲೆ ಸೊರಗಿದಂತೆ ಕಾಣುತ್ತದೆ. ನನಗೆ ಹಾಗನಿಸುವುದಿಲ್ಲ. ಬರೆಯುವ ಕೈಗೆ ವರ್ಷವಿಡೀ ಕೆಲಸ, ಜೊತೆಗೆ ತನ್ನದೇ ಸಂಪಾದನೆ ಸಿಗುವುದು ಸಣ್ಣ ಮಾತಲ್ಲ.

ಫೋಟೊ ಕೇಳಿಯೇ ತೆಗೆಯುತ್ತೇನೆ, ಫ್ಲಾಶ್ ಇಲ್ಲದೆ. ಬೇಡ ಎಂದರೆ ಮೊಬೈಲ್ ಜೇಬಿಗೆ. ನಕಲು ಮಾಡಿ ಮಾರುವವರ ಕಾಟ ಅವರಿಗೆ ಗೊತ್ತು.

ಕೊಳ್ಳುವಾಗ ಚೌಕಾಸಿ ಮಾಡುವುದಿಲ್ಲ. ಕೈಗೆಟುಕದಿದ್ದರೆ ಚಿಕ್ಕದನ್ನು ಕೇಳುತ್ತೇನೆ, ಕೊಡುವ ಹಣ ಬರೆದವರ ಕೈಗೇ ಹೋಗುತ್ತದೆಯೇ ಎಂಬುದನ್ನೂ ವಿಚಾರಿಸುತ್ತೇನೆ. ಮಳೆಗಾಲವಾದರೆ ಕಾಗದದ ಚಿತ್ರಕ್ಕಿಂತ ಬಟ್ಟೆಯ ಮೇಲಿನದು ಮೇಲು. ಮಲೆನಾಡಿನ ತೇವಕ್ಕೆ ಕಾಗದ ಸುಕ್ಕಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಕಾಗದದ್ದೇ ಇಷ್ಟವಾದರೆ ಗಟ್ಟಿ ಕೊಳವೆಯಲ್ಲಿ ಸುತ್ತಿ, ಹೊರಗೆ ಪ್ಲಾಸ್ಟಿಕ್ ಹೊದಿಸಿ ತರುತ್ತೇನೆ. ಊರು ತಲುಪಿದೊಡನೆ ಬಿಡಿಸಿ ಗಾಳಿಗೆ ಹರಡುತ್ತೇನೆ. ಚೌಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ರಟ್ಟಿನ ಅಂಚು ಇರಲೇಬೇಕು. ಇಲ್ಲದಿದ್ದರೆ ತೇವಕ್ಕೆ ಬಣ್ಣ ಗಾಜಿಗೆ ಅಂಟಿಕೊಂಡು, ಬಿಡಿಸುವಾಗ ಎಳೆಗಳು ಕಿತ್ತುಬರುತ್ತವೆ.