ಎಸಿ ಬರುವ ಮುಂಚೆ ಗೋಡೆಯೊಳಗಿನ ಲೈನ್ ನೋಡಿಸಿ

ಮೈಸೂರಿಗೆ ಹೊಸದಾಗಿ ಬಂದವರು ನಮ್ಮ ಸಂಘಕ್ಕೆ ಫೋನ್ ಮಾಡಿ ಕೇಳುವುದು ಸಾಮಾನ್ಯವಾಗಿ ಸ್ಕೂಲು, ಗ್ಯಾಸು, ಮನೆಗೆಲಸದವರ ಬಗ್ಗೆ. ಮಾರ್ಚ್ ಬಂತೆಂದರೆ ಇನ್ನೊಂದು ಪ್ರಶ್ನೆ ಶುರುವಾಗುತ್ತದೆ: "ಎಸಿ ಹಾಕಿಸಬೇಕಿತ್ತು, ಯಾರನ್ನ ಕರೆಯೋದು?" ಮೊದಲೆಲ್ಲ ಈ ಊರಲ್ಲಿ ಬೇಸಿಗೆಗೆ ಫ್ಯಾನೇ ಸಾಕಾಗುತ್ತಿತ್ತು. ಹಾಗಾಗಿ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದ ಎಷ್ಟೋ ಹಳೆಯ ಮನೆಗಳ ವೈರಿಂಗ್ ಮಾಡುವಾಗ ಫ್ಯಾನು, ಟ್ಯೂಬ್‌ಲೈಟು, ಬಚ್ಚಲಮನೆಯ ಗೀಸರ್, ಇಷ್ಟನ್ನೇ ಲೆಕ್ಕ ಹಾಕಿದ್ದಾರೆ. ಬೆಡ್‌ರೂಮಿನಲ್ಲಿ ಎಸಿ ಬರುತ್ತದೆ ಅಂತ ಆಗ ಯಾರೂ ಯೋಚಿಸಿರಲಿಲ್ಲ.

ಅಂಗಡಿಯಿಂದ ಎಸಿ ಹಾಕಲು ಬರುವ ಹುಡುಗರು ಗೋಡೆಗೆ ತೂತು ಕೊರೆಯುತ್ತಾರೆ. ಒಳಗಿನ ಯೂನಿಟ್ ತೂಗುಹಾಕುತ್ತಾರೆ. ತಾಮ್ರದ ಪೈಪ್ ಎಳೆದು, ಒಳಗಿನ ಯೂನಿಟ್‌ನಿಂದ ಹೊರಗಿನದಕ್ಕೆ ವೈರ್ ಕೊಡುತ್ತಾರೆ. ಪ್ಲಗ್ ಹಾಕಿ, ತಣ್ಣಗೆ ಗಾಳಿ ಬಂತಾ ಅಂತ ನೋಡಿ ಹೊರಡುತ್ತಾರೆ. ಆ ಪ್ಲಗ್ಗಿನ ಹಿಂದೆ ಗೋಡೆಯೊಳಗೆ ಏನಿದೆ ಅಂತ ನೋಡುವುದು ಅವರ ಕೆಲಸವಲ್ಲ. ಮನೆಗೆ ವೈರಿಂಗ್ ಮಾಡಿದವರು ಯಾರೋ, ಈಗ ಎಲ್ಲಿದ್ದಾರೋ. ಬಾಡಿಗೆ ಮನೆಯಾದರೆ ಓನರ್‌ಗೂ ಗೊತ್ತಿರುವುದಿಲ್ಲ. ಹೀಗೆ ಮೀಟರ್ ಬೋರ್ಡಿನಿಂದ ಸಾಕೆಟ್‌ವರೆಗಿನ ಲೈನಿಗೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಅದನ್ನು ನೀವೇ ಮುಂದೆ ನಿಂತು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಎಸಿ ಬರುವ ಮುಂಚೆಯೇ ರೆಡಿ ಮಾಡಿಸಿಕೊಳ್ಳಿ.

ನಾವು ವಿಜಯನಗರದ ಬಾಡಿಗೆ ಮನೆಗೆ ಬಂದಾಗ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ರೂಮಿನಲ್ಲಿ ಮೊದಲೇ ಇದ್ದ ಪವರ್ ಪ್ಲಗ್‌ಗೇ ಎಸಿ ಕೊಟ್ಟೆವು. ಮೂರನೇ ವಾರ, ಒಂದು ರಾತ್ರಿ, ರೂಮಿನಲ್ಲಿ ಮೀನು ಸೀದಂಥ ವಾಸನೆ. ನಮ್ಮದು ಸಸ್ಯಾಹಾರಿ ಮನೆ, ವಾಸನೆ ಎಲ್ಲಿಂದ ಅಂತ ಹುಡುಕಿದರೆ ಸಾಕೆಟ್‌ನಿಂದ. ಹತ್ತಿರ ಕೈ ಹಿಡಿದರೇ ಕಾವು ತಾಗುತ್ತಿತ್ತು. ಮೇನ್ ಆಫ್ ಮಾಡಿ ಬೆಳಗಾಗುವವರೆಗೆ ಕಾದೆವು. ಎಲೆಕ್ಟ್ರಿಷಿಯನ್ ಬಂದು ಪ್ಲೇಟ್ ಬಿಚ್ಚಿದಾಗ ಫೇಸ್ ತೂತಿನ, ಅಂದರೆ ಕರೆಂಟ್ ಬರುವ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಸ್ಕ್ರೂ ಸಡಿಲವಾಗಿತ್ತು, ಅಷ್ಟೇ ಕಾರಣ. ಆದರೆ ಎದೆ ಝಲ್ಲೆಂದದ್ದು ಹಸಿರು ವೈರ್ ನೋಡಿ. ಅದನ್ನು ಯಾವ ಸ್ಕ್ರೂಗೂ ಸೇರಿಸದೆ, ಮಡಚಿ ಬಾಕ್ಸಿನ ಮೂಲೆಗೆ ತುರುಕಿದ್ದರು. ಮೂರು ವಾರ ಆ ಎಸಿಗೆ ಅರ್ಥಿಂಗೇ, ಅಂದರೆ ಲೀಕ್ ಆದ ಕರೆಂಟ್ ನೆಲಕ್ಕೆ ಇಳಿಯುವ ದಾರಿಯೇ ಇರಲಿಲ್ಲ. ನನ್ನ ಮಗ ದಿನಾ ಸ್ಟೂಲ್ ಹತ್ತಿ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಅದಕ್ಕೇ ಮೊದಲು ಅರ್ಥಿಂಗ್ ವಿಷಯ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತಲ್ಲ. ಸುಮ್ನೆ ಟೆಸ್ಟರ್ ಚುಚ್ಚಿದರೆ ಫೇಸ್ ಎಲ್ಲಿದೆ ಅಂತ ಗೊತ್ತಾಗುತ್ತದೆ, ಅರ್ಥ್ ಇದೆಯಾ ಅಂತ ಗೊತ್ತಾಗುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಮಲ್ಟಿಮೀಟರ್ ಇಟ್ಟು ನೋಡಲು ಹೇಳಿ. ಫೇಸ್ ಮತ್ತು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ನಡುವೆ 230 ವೋಲ್ಟ್ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಮಾತ್ರ. ಅದು ಜಾಸ್ತಿ ತೋರಿಸಿದರೆ ಅರ್ಥ್ ಸರಿಯಿಲ್ಲ, ಇಲ್ಲವೇ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ. ಮನೆಯ ಅರ್ಥ್ ಗುಂಡಿ ಎಲ್ಲಿದೆ ಅಂತಲೂ ಓನರ್‌ನ ಕೇಳಿ ತಿಳಿದುಕೊಳ್ಳಿ. ಅದರ ಮೇಲೆ ಕಲ್ಲು ಹಾಸಿ ಮುಚ್ಚಿರುವ ಮನೆಗಳಿವೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥ್ ಕೈಕೊಡುತ್ತದೆ, ಆಗಾಗ ಒಂದು ಬಿಂದಿಗೆ ನೀರು ಹುಯ್ಯಿರಿ.

ಅರ್ಥ್ ಇಲ್ಲದ ಕಡೆ ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್‌ಗೆ ಒಂದು ತುಂಡು ವೈರ್ ಕೊಟ್ಟು "ಆಯ್ತು ಬಿಡಿ ಸಾರ್" ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ ಎಸಿಯ ಲೋಹದ ಭಾಗಕ್ಕೆಲ್ಲ ಫೇಸ್ ಬಂದು ಕೂರುತ್ತದೆ. ನಲ್ಲಿ ಪೈಪಿಗೆ ಅರ್ಥ್ ಕೊಡುವುದೂ ಅಷ್ಟೇ ಅಪಾಯ.

ಇನ್ನು ಲೈನ್. ಎಸಿಗೆ ಬೋರ್ಡಿನಿಂದ ಅದರದ್ದೇ ಬೇರೆ ಲೈನ್ ಬೇಕು. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಸುಮಾರು 7–8 ಆಂಪ್ ಎಳೆಯುತ್ತದೆ. ಗೀಸರ್ ಇದಕ್ಕಿಂತ ಜಾಸ್ತಿ ಎಳೆದರೂ ಹತ್ತು ನಿಮಿಷಕ್ಕೆ ಆಫ್ ಆಗುತ್ತದೆ. ಎಸಿ ಹಾಗಲ್ಲ, ರಾತ್ರಿಯಿಡೀ ಎಳೆಯುತ್ತದೆ. ವೈರ್ ಸಣ್ಣದಿದ್ದರೆ ಗೋಡೆಯೊಳಗೇ ನಿಧಾನವಾಗಿ ಕಾಯುತ್ತಾ ಇರುತ್ತದೆ. ಒಂದೂವರೆ ಟನ್ನಿಗೆ ಐಎಸ್‌ಐ ಗುರುತಿನ ತಾಮ್ರದ 4 ಎಂಎಂ ವೈರ್ ಎಳೆಸಿ. ಅಂಗಡಿಯಲ್ಲಿ ಹೀಗೇ ಕೇಳಬೇಕು, 4 ಚದರ ಮಿಲಿಮೀಟರ್ ಅಂತ ಅರ್ಥ. ಅದಕ್ಕೆ 20 ಆಂಪಿನ ಸಿ ಟೈಪ್ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ಒಂದು ಟನ್ನಿಗೆ 2.5 ಎಂಎಂ ವೈರ್, 16 ಆಂಪ್ ಎಂಸಿಬಿ ಸಾಕು. ಎಸಿ ಜೊತೆ ಬರುವ ಪುಸ್ತಕದಲ್ಲಿ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಎಂಸಿಬಿ ಪದೇ ಪದೇ ಬೀಳುತ್ತಿದೆ ಅಂತ 32 ಆಂಪಿನದು ಹಾಕಿಸುವವರಿದ್ದಾರೆ. ಎಂಸಿಬಿ ಇರುವುದು ವೈರನ್ನು ಕಾಪಾಡಲು. ದೊಡ್ಡದು ಹಾಕಿದರೆ ಅದು ಬೀಳುವ ಮುಂಚೆ ವೈರೇ ಸುಡುತ್ತದೆ. ಬೀಳುತ್ತಿದ್ದರೆ ಯಾಕೆ ಅಂತ ಹುಡುಕಿಸಿ. ಇದರ ಜೊತೆ 30 ಮಿಲಿ ಆಂಪಿನ ಆರ್‌ಸಿಸಿಬಿಯೂ ಬೇಕು. ಕರೆಂಟ್ ಲೀಕ್ ಆದರೆ ಲೈನ್ ಕಡಿದು ಜೀವ ಉಳಿಸುವುದು ಅದು. ಅದರ ಮೇಲೆ "ಟಿ" ಅಂತ ಚಿಕ್ಕ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಟಪ್ ಅಂತ ಬೀಳಬೇಕು.

ಕೆಲಸದ ದಿನ ಎಂಸಿಬಿ ಇಳಿಸಿ ಅದರ ಮೇಲೆ "ಕೆಲಸ ನಡೀತಿದೆ, ಹಾಕಬೇಡಿ" ಅಂತ ಚೀಟಿ ಅಂಟಿಸಿ. ಕರೆಂಟ್ ಹೋಗಿದೆ ಅಂದುಕೊಂಡು ಮನೆಯವರೇ ಯಾರಾದರೂ ಎತ್ತಿಬಿಡುತ್ತಾರೆ. ಮನೆಯಲ್ಲಿ ಯುಪಿಎಸ್ ಇದ್ದರೆ ಮೇನ್ ಇಳಿಸಿದರೂ ಅದರ ಲೈನಿನಲ್ಲಿ ಕರೆಂಟ್ ಇರುತ್ತದೆ. ಡ್ರಿಲ್ ಮಾಡುವ ಹುಡುಗರಿಗೆ ಇದನ್ನು ಮೊದಲೇ ಹೇಳಿ.

ವೈರಿನ ಬಣ್ಣ ತುಂಬಾ ಮೋಸ ಮಾಡುತ್ತದೆ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಫೇಸ್‌ಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು. ಎಸಿಯ ಕೇಬಲ್‌ನಲ್ಲಿ ಹೆಚ್ಚಾಗಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರಿನ ಮೇಲೆ ಹಳದಿ ಪಟ್ಟೆ ಇರುವುದು ಅರ್ಥ್. ಎರಡೂ ಕಡೆ ನೀಲಿ ಇದೆ, ಆದರೆ ಗೋಡೆಯಲ್ಲಿ ಅದು ಫೇಸ್, ಎಸಿಯಲ್ಲಿ ನ್ಯೂಟ್ರಲ್. ಮೂರು ಫೇಸ್ ಇರುವ ಮನೆಯಲ್ಲಿ ನೀಲಿಗೆ ನೀಲಿ, ಕಂದಿಗೆ ಕೆಂಪು ಸೇರಿಸಿದರೆ ಎಸಿಗೆ 230 ವೋಲ್ಟ್ ಬದಲು 400 ವೋಲ್ಟ್ ಬೀಳುತ್ತದೆ. ಬಣ್ಣ ನೋಡಿ ಸೇರಿಸಬೇಡಿ, ಮೀಟರ್ ಇಟ್ಟು ನೋಡಿ ಸೇರಿಸಿ ಅಂತ ಒತ್ತಿ ಹೇಳಿ.

ಒಳಗಿನ ಯೂನಿಟ್‌ನ ಮುಚ್ಚಳ ತೆಗೆದರೆ ಒಂದು ಪಕ್ಕದಲ್ಲಿ ವೈರ್ ಸೇರಿಸುವ ಸ್ಕ್ರೂ ಪಟ್ಟಿ ಕಾಣುತ್ತದೆ. ಅಲ್ಲಿ ಎಲ್, ಎನ್ ಅಂತಲೋ 1, 2, 3 ಅಂತಲೋ ಗುರುತಿರುತ್ತದೆ. ಹೊರಗಿನ ಯೂನಿಟ್‌ನಲ್ಲೂ ಅದೇ ಗುರುತಿಗೆ ಅದೇ ವೈರ್ ಹೋಗಬೇಕು. ಇನ್ವರ್ಟರ್ ಎಸಿಯಲ್ಲಿ ಒಂದು ವೈರ್ ಎರಡೂ ಯೂನಿಟ್ ಮಾತಾಡಿಕೊಳ್ಳುವ ಸಿಗ್ನಲ್ ವೈರ್. ಅದು ಅದಲುಬದಲಾದರೆ ಎರರ್ ಬರುತ್ತದೆ, ಕೆಲವೊಮ್ಮೆ ಎಸಿಯೊಳಗಿನ ಸರ್ಕ್ಯೂಟ್ ಬೋರ್ಡೇ ಸುಟ್ಟುಹೋಗುತ್ತದೆ. ಕೇಬಲ್ ಒಂದೇ ತುಂಡಾಗಿರಬೇಕು, ನಡುವೆ ಟೇಪ್ ಸುತ್ತಿದ ಜಾಯಿಂಟ್ ಇರಬಾರದು. ಕೇಬಲ್ ಗಿಡ್ಡ ಬಂತು ಅಂದರೆ ಹೊಸದು ತರಿಸಿ.

ಮುಚ್ಚಳ ಹಾಕುವ ಮುಂಚೆ ಹತ್ತಿರ ಹೋಗಿ ಕಣ್ಣಾರೆ ನೋಡಿ. ವೈರಿನ ತುದಿಗೆ ಲಗ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತುಂಡು) ಒತ್ತಿರಬೇಕು, ಒಂದೇ ಒಂದು ತಾಮ್ರದ ಎಳೆಯೂ ಹೊರಗೆ ಚಾಚಿರಬಾರದು. ಕ್ಲಾಂಪ್ ಹಿಡಿದಿರಬೇಕಾದ್ದು ಕೇಬಲ್‌ನ ಹೊರಗಿನ ದಪ್ಪ ಕವಚವನ್ನು, ಒಳಗಿನ ಬಿಡಿ ವೈರ್‌ಗಳನ್ನಲ್ಲ. ಅರ್ಥ್ ವೈರನ್ನು ಉಳಿದವಕ್ಕಿಂತ ಸ್ವಲ್ಪ ಉದ್ದ ಬಿಟ್ಟಿದ್ದಾರಾ ನೋಡಿ. ಕೇಬಲ್ ಎಳೆದುಕೊಂಡರೂ ಕೊನೆಗೆ ಕಳಚುವುದು ಅರ್ಥ್ ಆಗಬೇಕು. ಇಷ್ಟು ಅರಿತು ಮಾಡಿದವರು ಉಳಿದದ್ದನ್ನೂ ಅರಿತೇ ಮಾಡಿರುತ್ತಾರೆ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಪೈಪ್, ಕೇಬಲ್ ಎಲ್ಲ ಸೇರಿಸಿ ಸುತ್ತುವಾಗ ನೀರಿನ ಪೈಪ್ ಕೆಳಗಿರಲಿ, ಕೇಬಲ್ ಮೇಲಿರಲಿ. ಹೊರಗೆ ಕೇಬಲ್ ಒಂದು ಸಣ್ಣ ಜೋಲಿಯಂತೆ ಕೆಳಗಿಳಿದು ಮೇಲೇರಬೇಕು. ಆಗ ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಯೂನಿಟ್ ಒಳಗೆ ಹರಿಯುವುದಿಲ್ಲ.

ಮೊದಲ ದಿನ ಎಸಿಯನ್ನು ಒಂದು ಗಂಟೆ ಬಿಡದೆ ಓಡಿಸಿ. ಆಮೇಲೆ ಎಂಸಿಬಿ ಇಳಿಸಿ, ಪ್ಲಗ್ ತೆಗೆದು ಅದರ ಮೈ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಪರವಾಗಿಲ್ಲ, ಬಿಸಿ ಇದ್ದರೆ ಆ ದಿನವೇ ಬಿಚ್ಚಿಸಿ ನೋಡಿಸಿ.

ಕರೆಂಟ್ ಬಿಲ್‌ನಲ್ಲಿ ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ. ಎಸಿ, ಗೀಸರ್, ಮೋಟರ್ ಸೇರಿ ಅದನ್ನು ಮೀರುವಂತಿದ್ದರೆ ಓನರ್ ಒಪ್ಪಿಗೆ ತೆಗೆದುಕೊಂಡು ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. ಮೈಸೂರು, ಮಂಡ್ಯ ಎರಡಕ್ಕೂ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಹಿರಿಯರು ಈಗಲೂ ಕೆಇಬಿ ಅಂತಲೇ ಕರೆಯುತ್ತಾರೆ, ಗೊಂದಲ ಬೇಡ. ಗೃಹಜ್ಯೋತಿಯಲ್ಲಿರುವವರು ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಕಂಬದ ಹತ್ತಿರ ಕಿಡಿ ಕಂಡರೆ, ವೋಲ್ಟೇಜ್ ಏರಿಳಿದರೆ 1912ಕ್ಕೆ ಫೋನ್ ಮಾಡಿ.

ಯಾರನ್ನು ಕರೆಯಬೇಕು ಅಂತ ತೋಚದಿದ್ದರೆ ಭಾನುವಾರ ಬೆಳಿಗ್ಗೆ ಸಂಘಕ್ಕೆ ಬನ್ನಿ. ಲೈಸೆನ್ಸ್ ಇರುವ ಇಬ್ಬರು ಎಲೆಕ್ಟ್ರಿಷಿಯನ್‌ಗಳು ನಮ್ಮ ಸದಸ್ಯರು. ಬರುವಾಗ ಹೋದ ತಿಂಗಳ ಕರೆಂಟ್ ಬಿಲ್ಲು, ಬೋರ್ಡ್ ಮತ್ತು ಸಾಕೆಟ್‌ನ ಫೋಟೋ ತನ್ನಿ.